ಒಂದೇ ಕೊಟ್ಟಿಗೆ, ಎರಡು ಗಾಡಿ: ಪದ್ಮಿನಿ ಮತ್ತು ಎಸ್‌ಯುವಿ ರಿಪೇರಿ ದಿನಚರಿ

ಕಳೆದ ಆಯುಧಪೂಜೆಗೆ ಎರಡೂ ಗಾಡಿಗೆ ನಿಂಬೆಹಣ್ಣು ಇಟ್ಟೆವು. ಎಸ್‌ಯುವಿ ಮುಂದೆ ಹೋಯಿತು, ಹಣ್ಣು ಚಪ್ಪಟೆ ಆಯಿತು. ನಮ್ಮ ಹಳೇ ಪದ್ಮಿನಿ ಕಾರಿನ ಚಕ್ರದ ಕೆಳಗಿನ ನಾಲ್ಕು ಹಣ್ಣು ಹಾಗೇ ಉಳಿದವು. ಆರು ವರ್ಷದಿಂದ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿರುವ ಗಾಡಿ, ಇನ್ನೇನಾಗಬೇಕು? ಅಪ್ಪಯ್ಯ ಆರತಿ ಎತ್ತಿ, "ಇದಕ್ಕೆ ಪೂಜೆ ಅಲ್ಲ ಮಾರಾಯ, ತಿಥಿ" ಅಂದರು. ಅದೇ ಸಂಜೆ ನೋಟ್‌ಬುಕ್ ತೆಗೆದು, ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಪದ್ಮಿನಿ, ಬಲಕ್ಕೆ ಎಸ್‌ಯುವಿ.

ಹೇಗೂ ಎಸ್‌ಯುವಿಗೂ ಕೆಲಸ ಇತ್ತು. ವಾರಂಟಿ ಮುಗಿದಿದೆ. ಮುಂದಿನ ಬ್ರೇಕ್ ಪ್ಯಾಡ್ ಮತ್ತು ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್‌ಗೆ ಸರ್ವೀಸ್‌ನವರು ಹೇಳಿದ ರೇಟು ಕೇಳಿ ನಾನೇ ಮಾಡುತ್ತೇನೆ ಅಂದುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಹತ್ತು ವರ್ಷದಿಂದ ನಾನು ಒಂದೇ ಭಾಷಣ ಹೊಡೆಯುತ್ತಿದ್ದೆ: ಹಳೇ ಗಾಡಿ ಸರಳ, ಒಂದು ಪಾನಾ ಇದ್ದರೆ ಸಾಕು, ಹೊಸದು ಬರೀ ಕಂಪ್ಯೂಟರ್, ಕೈ ಹಾಕುವ ಹಾಗೇ ಇಲ್ಲ. ಅದು ಎಷ್ಟು ನಿಜ ಅಂತ ಬರೆದಿಡೋಣ ಅನ್ನಿಸಿತು.

ಅಕ್ಟೋಬರ್ 4, 2025. ಅಳತೆ

ಪದ್ಮಿನಿ 1979ರದು. ಫಿಯೆಟ್ 1100 ಡಿಲೈಟ್ ಅಂತ ಬರುತ್ತಿದ್ದದ್ದೇ 1974ರಿಂದ ಪದ್ಮಿನಿ ಆಯಿತು. 1089 ಸಿಸಿ, ನಾಲ್ಕು ಸಿಲಿಂಡರ್, ಹಿಂದಿನ ಚಕ್ರ ಎಳೆಯುತ್ತದೆ, ನಾಲ್ಕು ಗೇರ್, ಅದೂ ಹ್ಯಾಂಡ್ ಗೇರ್, ಅಂದರೆ ಗೇರ್ ರಾಡ್ ಸ್ಟೇರಿಂಗ್ ಕೆಳಗೆ. ಎಸ್‌ಯುವಿ 2021ರದು, ಒಂದೂವರೆ ಲೀಟರ್ ಪೆಟ್ರೋಲ್. ಕಂಪನಿ ಹೆಸರು ಬೇಡ, ಇಲ್ಲಿ ಅದರದ್ದೇನೂ ತಪ್ಪಿಲ್ಲ.

ಟೇಪ್ ಹಿಡಿದು ನೋಡಿದೆ. ಪದ್ಮಿನಿ ಅಗಲ 1.46 ಮೀಟರ್, ಎಸ್‌ಯುವಿ 1.79. ಕೊಟ್ಟಿಗೆ ಬಾಗಿಲು 2.05. ಅಂದರೆ ಒಂದು ಗಾಡಿ ನುಗ್ಗುತ್ತದೆ, ಇನ್ನೊಂದಕ್ಕೆ ಕನ್ನಡಿ ಮಡಚಿ, ಉಸಿರು ಬಿಗಿಹಿಡಿಯಬೇಕು. ಟೈರ್ ಒಂದರದ್ದು 5.20-14, ಇನ್ನೊಂದರದ್ದು 215/60 ಆರ್17. ಪಕ್ಕಪಕ್ಕ ಇಟ್ಟರೆ ಸ್ಕೂಟರ್ ಮತ್ತು ಲಾರಿ ಟೈರ್ ಥರ ಕಾಣುತ್ತವೆ. ಪದ್ಮಿನಿಯ ನಾಲ್ಕೂ ಟೈರ್ ಬಿರುಕು ಬಿಟ್ಟಿದ್ದವು. ಶಿವಮೊಗ್ಗದಲ್ಲಿ ಆ ಸೈಜ್ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದೆ. 13,200 ರೂಪಾಯಿ. ಒಂದು ಪಾನಾ ತಿರುಗಿಸುವ ಮೊದಲೇ ಇಷ್ಟು.

"ವಿಂಟೇಜ್ ಕಾರು" ಅಂತ ಊರಲ್ಲಿ ಎಲ್ಲರೂ ಕರೆಯುತ್ತಾರೆ. ಕಾನೂನಿನ ಪ್ರಕಾರ ಅಲ್ಲ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ಗಾಡಿ ಮಾತ್ರ ವಿಂಟೇಜ್. ನಮ್ಮದು ಇನ್ನೂ ನಾಲ್ಕು ವರ್ಷ ಕಾಯಬೇಕು. ಸದ್ಯಕ್ಕೆ ಅದು ಬರೀ ಹಳೇ ಕಾರು. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಕೇಂದ್ರ 2025ರಲ್ಲಿ ಶುಲ್ಕ 10,000 ಮಾಡಿದೆ. ಅದು ಕೊನೆಗೆ ಬರುವ ಖರ್ಚು. ಮೊದಲು ಗಾಡಿ ನಿಲ್ಲಬೇಕು, ಆಮೇಲೆ ಓಡಬೇಕು. ಹಾಗಾಗಿ ಬ್ರೇಕ್‌ನಿಂದ ಶುರು.

ಅಕ್ಟೋಬರ್ 5. ಬ್ರೇಕ್, ಎಸ್‌ಯುವಿ

ಜಾಕಿ, ಸ್ಟ್ಯಾಂಡ್, 14ರ ಸಾಕೆಟ್, ಜಿ-ಕ್ಲ್ಯಾಂಪ್ (350 ರೂ., ಹೊಸದು). ಚಕ್ರ ಬಿಚ್ಚಿ, ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದು, ಕ್ಯಾಲಿಪರ್ ಮೇಲಕ್ಕೆ ಮಗುಚಿದೆ. ಹಳೇ ಪ್ಯಾಡ್ ಎರಡು ಎಂಎಂ ಉಳಿದಿತ್ತು. ಕ್ಲ್ಯಾಂಪ್ ಹಾಕಿ ಪಿಸ್ಟನ್ ಒಳಗೆ ಒತ್ತಿದೆ.

ತಪ್ಪು: ಪಿಸ್ಟನ್ ಒಳಗೆ ಹೋದರೆ ಆಯಿಲ್ ಮೇಲೆ ಬರುತ್ತದೆ ಅನ್ನುವುದು ತಲೆಗೇ ಹೊಳೆಯಲಿಲ್ಲ. ಹೋದ ತಿಂಗಳು ನಾನೇ ಬ್ರೇಕ್ ಆಯಿಲ್ ಮ್ಯಾಕ್ಸ್ ಗೆರೆ ತನಕ ತುಂಬಿಸಿದ್ದೆ. ಡಬ್ಬಿ ಉಕ್ಕಿ ಕೆಳಗೆ ಸುರಿಯಿತು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ತಕ್ಷಣ ನೀರು ಹಾಕಿ ತೊಳೆದೆ. ಆದರೂ ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪೇಂಟ್ ಎದ್ದಿದೆ. ಬಾನೆಟ್ ತೆಗೆದಾಗ ನನಗೆ ಮಾತ್ರ ಕಾಣುತ್ತದೆ.

ಪ್ಯಾಡ್ ಸೆಟ್ 2,400. ಎರಡೂ ಕಡೆ ಸೇರಿ ಒಂದು ಗಂಟೆ ಇಪ್ಪತ್ತು ನಿಮಿಷ. ಗಾಡಿ ಕದಲಿಸುವ ಮೊದಲು ಪೆಡಲ್ ಹತ್ತು ಸಲ ತುಳಿದೆ. ಇದನ್ನು ಮರೆತರೆ ಮೊದಲ ಬ್ರೇಕ್ ಹಾಕಿದಾಗ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ.

ಹಿಂದಿನ ಚಕ್ರ ಮುಟ್ಟಲಿಲ್ಲ. ಹ್ಯಾಂಡ್‌ಬ್ರೇಕ್ ಕರೆಂಟಿನದು, ಒಳಗೆ ಮೋಟರ್ ಇದೆ. ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಹಾಕಿ ಅದನ್ನು ಸರ್ವೀಸ್ ಮೋಡ್‌ಗೆ ತರದೆ ಪಿಸ್ಟನ್ ಒತ್ತಿದರೆ ಮೋಟರ್ ಹಾಳು. ಪ್ಯಾಡ್ ಇನ್ನೂ ಐದು ಎಂಎಂ ಇತ್ತು, ಸುಮ್ನೆ ಮುಚ್ಚಿದೆ. ನನ್ನ ಭಾಷಣಕ್ಕೆ ಸಿಕ್ಕ ಮೊದಲ ಮತ್ತು ಕೊನೆಯ ಬೆಂಬಲ ಇದು.

ಅಕ್ಟೋಬರ್ 11, 12. ಬ್ರೇಕ್, ಪದ್ಮಿನಿ

ನಾಲ್ಕೂ ಕಡೆ ಡ್ರಮ್: ಚಕ್ರದ ಜೊತೆ ತಿರುಗುವ ಬೋಗುಣಿ, ಒಳಗಿನಿಂದ ಅದಕ್ಕೆ ಒತ್ತುವ ಶೂ. ಬೂಸ್ಟರ್ ಇಲ್ಲ, ಕಾಲಿನ ಬಲವೇ ಬಲ. ಒಂದೇ ಪೈಪಿನ ವ್ಯವಸ್ಥೆ, ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಇದು ಗೊತ್ತಿದ್ದ ವಿಷಯವೇ. ಆದರೆ ಕೈಯಲ್ಲಿ ತುಕ್ಕು ಹಿಡಿದ ಪೈಪ್ ಹಿಡಿದುಕೊಂಡು ಯೋಚಿಸಿದಾಗ ಬೇರೆ ಥರ ಅನ್ನಿಸುತ್ತದೆ.

ಡ್ರಮ್ ಬರಲಿಲ್ಲ. ಆರು ಮಳೆಗಾಲದ ತುಕ್ಕು, ಶೂ ಒಳಗೇ ಅಂಟಿಕೊಂಡಿತ್ತು. ಶೂ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಸಡಿಲ ಮಾಡಿ, ಆಮೇಲೆ ಸುತ್ತಲೂ ಮೆಲ್ಲಗೆ ತಟ್ಟಬೇಕಿತ್ತು. ನಾನು ಸೀದಾ ಸುತ್ತಿಗೆ ಎತ್ತಿದೆ. ಮೂರನೇ ಏಟಿಗೆ ಹಿಂದಿನ ಎಡ ಡ್ರಮ್‌ನ ಅಂಚು ಹಪ್ಪಳದ ಹಾಗೆ ಮುರಿಯಿತು. ಬೀಡು ಕಬ್ಬಿಣ ಬಗ್ಗುವುದಿಲ್ಲ, ಮುರಿಯುತ್ತದೆ. ಇದನ್ನು ನಾನು ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಗುಜರಿಯಲ್ಲಿ ಇನ್ನೊಂದು ಡ್ರಮ್ ಸಿಕ್ಕಿತು, 900 ರೂಪಾಯಿ.

ಶೂಗಳಿಗೆ ಹೊಸ ಲೈನರ್ ಹೊಡೆಸಿದೆ, 1,600. ನಾಲ್ಕೂ ಚಕ್ರದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರ್‌ಗೆ ರಬ್ಬರ್ ಕಿಟ್, 720. ಸಿಲಿಂಡರ್ ಒಳಗೆ ಸಣ್ಣ ಮರಳು ಕಾಗದದಲ್ಲಿ ಉಜ್ಜಿ ತುಕ್ಕು ತೆಗೆದೆ. ಎಲ್ಲಾ ಭಾಗ ಒಂದು ತಟ್ಟೆಗೆ ಹಾಕಿ, ಪೆಟ್ರೋಲ್‌ನಲ್ಲಿ ಚೆನ್ನಾಗಿ ತೊಳೆದು, ಒರೆಸಿ ಜೋಡಿಸಿದೆ. ಹೊಸ ರಬ್ಬರ್ ಕೂಡ ಅದೇ ತಟ್ಟೆಯಲ್ಲಿತ್ತು. ಈ ವಾಕ್ಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಬ್ಲೀಡಿಂಗ್‌ಗೆ ಮಗಳನ್ನು ಕೂರಿಸಿದೆ, ಅಂದರೆ ಪೈಪಿನೊಳಗಿನ ಗಾಳಿ ಹೊರಹಾಕುವುದಕ್ಕೆ. ಪೆಡಲ್ ತುಳಿದರೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. "ಒತ್ತು, ಹಿಡಿ, ಬಿಡು." ಎರಡು ಗಂಟೆ ಇದೇ ಮಂತ್ರ. ನಡುವೆ ಒಮ್ಮೆ ಮೇಲಿನ ಡಬ್ಬಿ ಖಾಲಿಯಾದದ್ದು ನೋಡಲಿಲ್ಲ. ಗಾಳಿ ಎಳೆದುಕೊಂಡಿತು, ಮತ್ತೆ ಮೊದಲಿನಿಂದ. "ಅಪ್ಪ, ಇದಕ್ಕಿಂತ ನನಗೆ ಪಿಯುಸಿ ಫಿಸಿಕ್ಸೇ ವಾಸಿ" ಅಂದಳು.

ಎರಡು ದಿನ, ಹದಿಮೂರು ಗಂಟೆ. ಆ ಕಡೆ ಎಂಬತ್ತು ನಿಮಿಷ.

ಅಕ್ಟೋಬರ್ 19. ಪ್ಲಗ್

ಎಸ್‌ಯುವಿ: ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತರೆ ಪ್ಲಗ್‌ಗೆ ಕರೆಂಟ್ ಕೊಡುವ ನಾಲ್ಕು ಕಾಯಿಲ್ ಸಾಲಾಗಿ ಕಾಣುತ್ತವೆ. ಒಂದೊಂದಕ್ಕೆ ಒಂದು 10ರ ಬೋಲ್ಟ್, ಒಂದು ಕ್ಲಿಪ್. ಇರಿಡಿಯಂ ಪ್ಲಗ್ ನಾಲ್ಕು, ತಲಾ 720, ಒಟ್ಟು 2,880. ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಕಾಫಿಗೆ. ಬರೆಯುವುದಕ್ಕೆ ಬೇರೇನೂ ಇಲ್ಲ.

ಪದ್ಮಿನಿ: ಏರ್ ಕ್ಲೀನರ್ ಮುಚ್ಚಳ ತೆಗೆದರೆ ಇಲಿಗೂಡು. ಅಡಿಕೆ ಸಿಪ್ಪೆ, ಗೋಣಿ ನಾರು, ನನ್ನ ಹಳೇ ಪ್ರಶ್ನೆಪತ್ರಿಕೆಯ ಚೂರು. ಗೂಡು ತೆಗೆದೆ. ಇಲಿ ಎಲ್ಲಿಗೆ ಹೋಯಿತು ಅಂತ ಆಗ ಯೋಚಿಸಲಿಲ್ಲ, ಯೋಚಿಸಬೇಕಿತ್ತು.

ಕಿಡಿಯ ಕರೆಂಟ್ ಕಡಿದು ಕೊಡುವ ಪಾಯಿಂಟ್, ಕಂಡೆನ್ಸರ್, ತಿರುಗುತ್ತಾ ಅದನ್ನು ಒಂದೊಂದೇ ಪ್ಲಗ್‌ಗೆ ಹಂಚುವ ರೋಟರ್, ನಾಲ್ಕು ಪ್ಲಗ್ ಹೊಸದು, ಎಲ್ಲಾ ಸೇರಿ 1,150. ಪಾಯಿಂಟ್ ಪೂರ್ತಿ ತೆರೆಯುವ ಜಾಗಕ್ಕೆ ಎಂಜಿನ್ ತಿರುಗಿಸಿ, 0.4 ಎಂಎಂ ಫೀಲರ್ ಗೇಜ್ ಎಲೆ ಇಟ್ಟು ಗ್ಯಾಪ್ ಕೂರಿಸಿದೆ. ಹೊಸ ಬ್ಯಾಟರಿ, 4,200. ಸೆಲ್ಫ್ ಹೊಡೆದೆ.

ಗಾಡಿ ಎದ್ದಿತು, ಆದರೆ ಮಲೇರಿಯಾ ಬಂದವರ ಹಾಗೆ ನಡುಗುತ್ತಿತ್ತು. ಆಮೇಲೆ ಕಾರ್ಬುರೇಟರ್ ಒಳಗಿಂದ 'ಫಟ್' ಅಂತ ಸದ್ದು, ಹಟ್ಟಿಯ ಕೋಳಿಗಳೆಲ್ಲ ತೋಟಕ್ಕೆ ಓಡಿದವು. ಮಧ್ಯಾಹ್ನ ಪೂರ್ತಿ ಕಾರ್ಬುರೇಟರ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಬೀಳುವ ಕ್ರಮ, 1-3-4-2. ವೈರ್‌ಗಳನ್ನು ಆ ಕ್ರಮದಲ್ಲೇ ಹಾಕಿದ್ದೆ. ಆದರೆ ರೋಟರ್ ಯಾವ ಕಡೆ ತಿರುಗುತ್ತದೆ ಅಂತ ನೋಡದೆ, ಉಲ್ಟಾ ಸುತ್ತಿನಲ್ಲಿ ಹಾಕಿದ್ದೆ. ಹಾಗೆ ಹಾಕಿದರೆ 1 ಮತ್ತು 4 ಸರಿಯಾದ ಜಾಗಕ್ಕೇ ಬರುತ್ತವೆ, 2 ಮತ್ತು 3 ಅದಲುಬದಲು. ಅದಕ್ಕೇ ಎರಡು ಸಿಲಿಂಡರ್‌ನಲ್ಲಿ ಅರೆಜೀವ. ಎರಡು ವೈರ್ ಕಿತ್ತು ಬದಲಿಸಿದೆ, ಹತ್ತು ಸೆಕೆಂಡಿನ ಕೆಲಸ. ಕಂಡುಹಿಡಿಯುವುದಕ್ಕೆ ಐದು ಗಂಟೆ. ವೈರ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದರೆ ಮುಗಿದಿತ್ತು, ಅಲ್ವಾ?

ಸಂಜೆ ಆರಕ್ಕೆ ಎಂಜಿನ್ ನೆಟ್ಟಗೆ ಓಡಿತು. ಅಪ್ಪಯ್ಯ ಜಗಲಿಯಿಂದ ಎದ್ದು ಬಂದರು. ಕೊಟ್ಟಿಗೆಯಿಂದ ಅಂಗಳಕ್ಕೆ ಗಾಡಿ ತಂದೆ. ಒಣಗಿ ಗಜ್ಜುಗದ ಹಾಗಾಗಿದ್ದ ನಿಂಬೆಹಣ್ಣು ಚಕ್ರದ ಕೆಳಗೆ 'ಟಪ್' ಅಂತ ಒಡೆಯಿತು.

ನವೆಂಬರ್ 9. ಮೊದಲ ಸವಾರಿ, ಮೊದಲ ಸೋಲು

ಮನೆಯಿಂದ ತೀರ್ಥಹಳ್ಳಿ ಪೇಟೆಗೆ ಆರು ಕಿಲೋಮೀಟರ್. ತುಂಗೆಯ ಕಮಾನು ಸೇತುವೆ ದಾಟುವಾಗ ಸುಟ್ಟ ವಾಸನೆ. ಗಾಡಿ ಯಾರೋ ಹಿಂದಿನಿಂದ ಎಳೆದ ಹಾಗೆ ಭಾರ. ಬದಿಗೆ ನಿಲ್ಲಿಸಿ ಮುಂದಿನ ಬಲ ಚಕ್ರಕ್ಕೆ ಬಾಟಲಿ ನೀರು ಚಿಮುಕಿಸಿದೆ. ಕಾದ ಕಾವಲಿಯ ಹಾಗೆ 'ಚುಂಯ್' ಅಂದಿತು.

ಪೇಟೆಯಲ್ಲಿ ಈಗ ಅಂಗಡಿ ಮುಚ್ಚಿ ಮನೆಯಲ್ಲಿರುವ ಹಳೇ ಮೆಕ್ಯಾನಿಕ್ ಸಾಬ್ರು ಇದ್ದಾರೆ. ಅಪ್ಪಯ್ಯನ ಕಾಲದಿಂದ ಈ ಗಾಡಿ ಗೊತ್ತು. ಬಂದು ಡ್ರಮ್ ತೆಗೆಸಿದರು. ವೀಲ್ ಸಿಲಿಂಡರ್‌ನ ರಬ್ಬರ್ ಹೊರಗೆ ತೆಗೆದು, ಹೊಸ ಕಿಟ್‌ನ ರಬ್ಬರ್ ಪಕ್ಕಕ್ಕಿಟ್ಟರು. ನಾನು ಹಾಕಿದ್ದು ಊದಿ ದಪ್ಪ ಆಗಿತ್ತು, ಒಳಗೆ ಸಿಕ್ಕಿಕೊಂಡು ಹಿಂದೆ ಸರಿಯುತ್ತಿರಲಿಲ್ಲ.

"ಮೇಷ್ಟ್ರೇ, ರಬ್ಬರ್‌ಗೆ ಪೆಟ್ರೋಲ್ ಕುಡಿಸಿದ್ರಾ?"

ನಾನು ಸುಮ್ಮನಿದ್ದೆ.

"ಬ್ರೇಕ್ ರಬ್ಬರ್‌ಗೆ ಪೆಟ್ರೋಲ್, ಡೀಸೆಲ್, ಗ್ರೀಸ್ ಏನೂ ತಾಗ್ಬಾರ್ದು. ಬ್ರೇಕ್ ಆಯಿಲ್‌ನಲ್ಲೇ ತೊಳೀಬೇಕು."

ನಾಲ್ಕೂ ಚಕ್ರ ಮತ್ತೆ ಬಿಚ್ಚಿದೆವು. ಕಿಟ್ ಇನ್ನೊಂದು ಸಲ 720, ಡಾಟ್ 3 ಆಯಿಲ್ ಇನ್ನೊಂದು ಬಾಟಲಿ 380. ಸಾಬ್ರು ದುಡ್ಡು ಬೇಡ ಅಂದರು. ಎರಡು ಸಲ ಬಂದದ್ದಕ್ಕೆ 1,500 ಜೇಬಿಗೆ ತುರುಕಿದೆ. ಈ ದಿನಚರಿಯಲ್ಲಿ ಒಂದೇ ಸಾಲು ಓದುವುದಿದ್ದರೆ ಅವರ ಆ ಮಾತು ಓದಿ. ನನಗೆ ಚಕ್ರ ಬಿಸಿಯಾಯಿತು ಅಷ್ಟೇ. ಅದೇ ರಬ್ಬರ್ ಮಾಸ್ಟರ್ ಸಿಲಿಂಡರ್‌ನಲ್ಲಿ ಇದ್ದಿದ್ದರೆ ಸೇತುವೆ ಮೇಲೆ ಏನಾಗುತ್ತಿತ್ತೋ.

ನವೆಂಬರ್ 16ರಿಂದ 30. ಪೆಟ್ರೋಲ್ ವಾಸನೆ

ಟ್ಯಾಂಕ್ ಬಿಚ್ಚಿ ತೊಳೆಸಿದೆ, 600. ಹಳೇ ಪೆಟ್ರೋಲ್ ಬೆಲ್ಲದ ಪಾಕದ ಬಣ್ಣಕ್ಕೆ ಬಂದಿತ್ತು. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್ ಕಟ್ಟಿತ್ತು. ಗಾಳಿ ಊದಿ ತೆಗೆಯಬೇಕಾದದ್ದನ್ನು ನಾನು ಗುಂಡುಸೂಜಿ ಹಾಕಿ ತೆಗೆದೆ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾಯಿತು. ಹೊಗೆ ಕಪ್ಪಗಾಯಿತು, ಲೀಟರಿಗೆ 9 ಕಿಲೋಮೀಟರ್. ಹಳೇ ಸಾಮಾನಿನ ಅಂಗಡಿಯಲ್ಲಿ 300 ಕೊಟ್ಟು ಅದೇ ನಂಬರಿನ ಜೆಟ್ ತಂದು ಹಾಕಿದ ಮೇಲೆ 13.

ಎರಡು ವಾರದಲ್ಲಿ ಕೊಟ್ಟಿಗೆ ತುಂಬಾ ಪೆಟ್ರೋಲ್ ವಾಸನೆ. ಪಂಪ್‌ನಿಂದ ಕಾರ್ಬುರೇಟರ್‌ಗೆ ಹೋಗುವ ರಬ್ಬರ್ ಪೈಪ್ ಒತ್ತಿದರೆ ಬೇಯಿಸಿದ ಬದನೆಕಾಯಿ ಹಾಗೆ ಮೆತ್ತಗೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ ಪೆಟ್ರೋಲ್. 1979ರ ರಬ್ಬರ್‌ಗೆ ಅದು ಹೊಂದುವುದಿಲ್ಲ. ಪಂಪ್ ಒಳಗಿನ ಪೊರೆ, ಡಯಾಫ್ರಮ್, ಕೂಡ ಸುಕ್ಕು. ಎಥನಾಲ್ ತಡೆಯುವ ಪೈಪ್ ಎರಡು ಮೀಟರ್ 540, ಪಂಪ್ ಕಿಟ್ 450. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ತಮಾಷೆ ಅಲ್ಲ. ಹಳೇ ಗಾಡಿ ಇದ್ದವರು ಬೇರೆಲ್ಲ ಬಿಟ್ಟು ಇದನ್ನು ಮೊದಲು ನೋಡಿ.

ಬಲಗಡೆಯ ಕಾಲಂ ಖಾಲಿ. ಎಸ್‌ಯುವಿಗೆ ಪೆಟ್ರೋಲ್ ಹಾಕಿದೆ, ಓಡಿಸಿದೆ.

ಡಿಸೆಂಬರ್ 14. ಇಲಿ ಎಲ್ಲಿಗೆ ಹೋಯಿತು

ಬೆಳಿಗ್ಗೆ ಎಸ್‌ಯುವಿ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಎಂಜಿನ್ ದೀಪ. ಫೋನಿಗೆ ಸೇರುವ ಸಣ್ಣ ಸ್ಕ್ಯಾನರ್ ತರಿಸಿದೆ, 1,100. ಕೋಡ್ ಪಿ0113. ಅಂದರೆ ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರ್‌ನ ಲೈನಿನಲ್ಲಿ ತೊಂದರೆ. ಸೆನ್ಸರ್ ಹೋಗಿದೆ ಅಂತ ನಾನೇ ತೀರ್ಪು ಕೊಟ್ಟು, 1,850 ಕೊಟ್ಟು ಹೊಸದು ತಂದು ಹಾಕಿದೆ. ಕೋಡ್ ಅಳಿಸಿದೆ. ಹತ್ತು ನಿಮಿಷದಲ್ಲಿ ದೀಪ ಮತ್ತೆ ಬಂತು.

ಸ್ಕ್ಯಾನರ್ ಊರಿನ ಹೆಸರು ಹೇಳುತ್ತದೆ, ಮನೆ ತೋರಿಸುವುದಿಲ್ಲ. ಆ ಲೈನಿನಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ವೈರೂ ಇದೆ. ಟಾರ್ಚ್ ಹಿಡಿದು ವೈರ್ ಜಾಡು ಹಿಡಿದೆ. ಕನೆಕ್ಟರ್‌ನಿಂದ ಒಂದು ಗೇಣು ಕೆಳಗೆ, ಟೇಪ್ ಸುತ್ತಿದ ಕಡೆ, ಇಲಿ ಚೊಕ್ಕವಾಗಿ ಕಡಿದಿತ್ತು. ಪಕ್ಕದಲ್ಲೇ ಅಡಿಕೆ ಸಿಪ್ಪೆ. ಪದ್ಮಿನಿಯಿಂದ ಒಕ್ಕಲೆಬ್ಬಿಸಿದ ಗಿರಾಕಿಯೇ ಇರಬೇಕು. ಪದ್ಮಿನಿಯಲ್ಲಿ ಆರು ವರ್ಷ ಸಂಸಾರ ಮಾಡಿಯೂ ಅದು ಕೆಡಿಸಿದ್ದು ಏನೂ ಇಲ್ಲ, ಕಡಿಯುವುದಕ್ಕೆ ಅಲ್ಲಿ ಅಷ್ಟು ವೈರೇ ಇಲ್ಲವಲ್ಲ. ಇಲ್ಲಿ ಎರಡು ತಿಂಗಳಿಗೇ ದೀಪ ಹೊತ್ತಿಸಿತು.

ವೈರ್ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ತೊಡಿಸಿದೆ. ಸಾಮಾನು 120. ಹಳೇ ಸೆನ್ಸರ್ ಡಬ್ಬಿಯಲ್ಲಿ ಚೆನ್ನಾಗಿಯೇ ಇದೆ, ಯಾರಿಗಾದರೂ ಬೇಕಾ?

ಜನವರಿ 4, 2026. ಆಗುಂಬೆ

ಎರಡೂ ಗಾಡಿ ತೆಗೆದುಕೊಂಡು ಹೋದೆವು, ಎಸ್‌ಯುವಿಗೆ ನನ್ನ ಹೆಂಡತಿ. ಮೊದಲು ಖಾಲಿ, ನೇರ, ಒಣ ರಸ್ತೆಯಲ್ಲಿ ಬ್ರೇಕ್ ಪರೀಕ್ಷೆ. ಗಂಟೆಗೆ 40 ಕಿಲೋಮೀಟರ್ ವೇಗ, ಸುಣ್ಣದ ಗೆರೆ, ಟೇಪ್. ತಲಾ ಮೂರು ಸಲ. ಎಸ್‌ಯುವಿ ಎಂಟರಿಂದ ಒಂಬತ್ತು ಮೀಟರಿಗೆ ನಿಂತಿತು, ಮೂರೂ ಸಲ ನೇರ. ಪದ್ಮಿನಿ ಹದಿಮೂರು, ಹದಿಮೂರೂವರೆ, ಮೂರನೇ ಸಲ ಹದಿನೈದು, ಜೊತೆಗೆ ಸ್ವಲ್ಪ ಎಡಕ್ಕೆ ಎಳೆಯಿತು. ಡ್ರಮ್ ಬಿಸಿಯಾದಷ್ಟೂ ಹಿಡಿತ ಕಡಿಮೆ. ಎಸ್‌ಯುವಿ ಸುಮಾರು ನಾನೂರು ಕೆಜಿ ಜಾಸ್ತಿ ತೂಕ, ಆದರೂ ಹೀಗೆ. ಐದಾರು ಮೀಟರ್ ಅಂದರೆ ಒಂದು ಎಮ್ಮೆ, ಅದರ ಹಿಂದೆ ಕರು, ಅದರ ಹಿಂದೆ ಬರುವ ಹುಡುಗ. ಪದ್ಮಿನಿಗೆ ಸೀಟ್ ಬೆಲ್ಟೂ ಇಲ್ಲ. ಮಗಳು ಅಂಗಳದಲ್ಲಿ ಓಡಿಸಲಿ, ಹೈವೇಗೆ ಬೇಡ ಅಂತ ಅಲ್ಲೇ ತೀರ್ಮಾನ ಆಯಿತು. ಅವಳಿಗೆ ಸಿಟ್ಟು ಬಂದಿದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತಿದೆವು. ಹದಿನಾಲ್ಕು ಹೇರ್‌ಪಿನ್ ತಿರುವು. ಇಳಿಯುವಾಗ ಎರಡನೇ ಗೇರ್ ಬಿಡಲಿಲ್ಲ, ಬ್ರೇಕ್ ನಂಬಲಿಲ್ಲ. ತಿರುವುಗಳಲ್ಲಿ ಒಂದು ಆಶ್ಚರ್ಯ: ಸಣ್ಣ ಗಾಡಿ, ತೆಳ್ಳನೆ ಕಂಬಿಗಳು, ಸುತ್ತಲೂ ಗಾಜು. ಎದುರಿಗೆ ಬರುವ ಗಾಡಿ, ರಸ್ತೆಯ ಅಂಚು, ಎರಡೂ ಕೂತಲ್ಲೇ ಕಾಣುತ್ತವೆ. ಎಸ್‌ಯುವಿಯ ದಪ್ಪ ಕಂಬದ ಹಿಂದೆ ಒಂದು ಬೈಕ್ ಪೂರ್ತಿ ಅಡಗುತ್ತದೆ ಅಂತ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಅವತ್ತು ಅರ್ಥ ಆಯಿತು.

ಹತ್ತುವಾಗ ಒಂಬತ್ತನೇ ತಿರುವಿನಲ್ಲಿ ಪದ್ಮಿನಿ ಕೆಮ್ಮಿ ನಿಂತಿತು. ರೇಡಿಯೇಟರ್ ಕುದಿದಿರಲಿಲ್ಲ. ಪಂಪ್ ಬಿಸಿಯಾಗಿ ಪೆಟ್ರೋಲ್ ಆವಿಯಾಗಿತ್ತು, ವೇಪರ್ ಲಾಕ್. ಒದ್ದೆ ಬಟ್ಟೆ ಪಂಪ್‌ಗೆ ಸುತ್ತಿ, ಕಾಲು ಗಂಟೆ ಕಾದೆವು. ಮಂಗಗಳು ಬಾನೆಟ್ ಮೇಲೆ ಕೂತು ತಪಾಸಣೆ ಮಾಡಿದವು. ಎಸ್‌ಯುವಿ ನಮ್ಮ ಹಿಂದೆ ನಾಲ್ಕು ದೀಪ ಮಿಣುಕಿಸುತ್ತಾ, ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿದುಕೊಂಡು ನಿಂತಿತ್ತು. ಆ ಕಾಲು ಗಂಟೆಯಲ್ಲಿ ಏಳು ಜನ ನಿಲ್ಲಿಸಿ ಮಾತಾಡಿಸಿದರು, ಏಳೂ ಜನ ಪದ್ಮಿನಿಯನ್ನು ಮಾತ್ರ.

ಲೆಕ್ಕ, ಇವತ್ತಿನವರೆಗೆ

ಪದ್ಮಿನಿಗೆ 26,640 ರೂಪಾಯಿ. ಇದರಲ್ಲಿ ಬರೀ ನನ್ನ ತಪ್ಪಿಗೆ ಕೊಟ್ಟದ್ದು 2,300: ಡ್ರಮ್, ಎರಡನೇ ರಬ್ಬರ್ ಕಿಟ್, ಎರಡನೇ ಬಾಟಲಿ ಆಯಿಲ್, ಜೆಟ್. ಎಸ್‌ಯುವಿಗೆ ಕ್ಲ್ಯಾಂಪ್, ಸ್ಕ್ಯಾನರ್ ಸೇರಿ 8,700, ಅದರಲ್ಲಿ ತಪ್ಪಿನ ಬಾಬ್ತು 1,850. ಗಂಟೆಗಳ ಲೆಕ್ಕ ಎಡಗಡೆ ನಲವತ್ತು ದಾಟಿದ ಮೇಲೆ ಬರೆಯುವುದು ಬಿಟ್ಟೆ. ಬಲಗಡೆ ಐದು, ಇಲಿ ಹುಡುಕಿದ್ದೂ ಸೇರಿ. ಸ್ಟಾಫ್ ರೂಮಿನ ಭಾಷಣ ಸದ್ಯಕ್ಕೆ ನಿಲ್ಲಿಸಿದ್ದೇನೆ.

ಈಗ ಸಿಕ್ಕಿಹಾಕಿಕೊಂಡಿರುವುದು ಗೇರ್‌ನಲ್ಲಿ. ಸ್ಟೇರಿಂಗ್ ಕೆಳಗಿನ ಗೇರ್ ರಾಡ್‌ನ ಬುಷ್, ಅಂದರೆ ರಾಡ್ ಕೂರುವ ಬಳೆ, ಸವೆದಿದೆ, ಎರಡನೇ ಗೇರ್ ಹುಡುಕಿದರೆ ಒಮ್ಮೊಮ್ಮೆ ನಾಲ್ಕು ಸಿಗುತ್ತದೆ. ಅಪ್ಪಯ್ಯ ಪಕ್ಕದಲ್ಲಿ ಕೂತು, ಕೈ ಚಾಚಿ, ಸ್ವಲ್ಪ ತನ್ನ ಕಡೆ ಎಳೆದು ಮೇಲೆತ್ತಿ ಹಾಕುತ್ತಾರೆ, ಪ್ರತಿ ಸಲ ಸರಿಯಾಗಿ ಬೀಳುತ್ತದೆ. ನನಗೆ ಬೀಳುವುದಿಲ್ಲ. ಬುಷ್ ಅಂಗಡಿಯಲ್ಲಿ ಇಲ್ಲ. ಶಿವಮೊಗ್ಗದ ಲೇತ್‌ನವರು ಹಿತ್ತಾಳೆಯಲ್ಲಿ ಮಾಡಿಕೊಡುತ್ತೇನೆ, ಹಳೇದು ತನ್ನಿ, ಅಳತೆಗೆ ಬೇಕು ಅಂದಿದ್ದಾರೆ. ಹಳೇದು ಬಿಚ್ಚುವಾಗ ಮೂರು ಚೂರಾಗಿದೆ. ಚೂರುಗಳನ್ನು ಅಂಟಿಸಿ ವರ್ನಿಯರ್ ಹಿಡಿದಿದ್ದೇನೆ, ಒಂದು ಕಡೆ 14.2 ಬರುತ್ತದೆ, ಇನ್ನೊಂದು ಕಡೆ 14.6.